ಹಿಂದಿನ ಸೀಟಿನ ಬೂಷ್ಟು

ದಿಲಾವರ್ ಸಾಹೇಬರ ಅಂಬಾಸಿಡರ್ ಕಾರಿನ ಬಾಗಿಲು ತೆಗೆದಾಗ ಮೊದಲು ಹೊರಗೆ ಬಂದದ್ದು ವಾಸನೆ. ಅದರ ಹಿಂದೆ ಒಂದು ಜಿರಲೆ. ಅದರ ಹಿಂದೆಯೇ ಪ್ಯಾರಿ ಬೀಯ ಸೀನು.

ಪ್ಯಾರಿ ಬೀ ದಿಲಾವರ್ ಸಾಹೇಬರ ಹೆಂಡತಿ. ಆಕೆಯ ಸೀನು ಚಿತ್ರದುರ್ಗದ ಆ ಓಣಿಗೆಲ್ಲ ಗೊತ್ತು. ಪಕ್ಕದ ಮನೆಯ ಮಂಜುನಾಥ್ ಮೇಷ್ಟ್ರು ಗೋಡೆಯ ಆಚೆಯಿಂದಲೇ "ನೂರು ವರ್ಷ ಬಾಳ್ರಿ ಅಮ್ಮಾ" ಎಂದು ಕೂಗುವುದು ವಾಡಿಕೆ. ಅವತ್ತು ಆಕೆ ಬಿಡುವಿಲ್ಲದೆ ಸೀನಿದ ರಭಸಕ್ಕೆ ಮೇಷ್ಟ್ರು ನೂರಾರು ವರ್ಷ ಆಯುಸ್ಸು ಹಂಚಿ, ಕೊನೆಗೆ ಸುಸ್ತಾಗಿ ಸುಮ್ಮನಾದರು.

"ಬಾಗ್ಲು ಮುಚ್ಚೇ! ಮೊದ್ಲು ಮುಚ್ಚು ಅಂತೀನಿ!" ಎಂದಳು ಪ್ಯಾರಿ ಬೀ, ಸೀನುಗಳ ನಡುವೆ.

ಮೊಮ್ಮಗಳು ಮಾಹೀರಾ ಮುಚ್ಚಲಿಲ್ಲ. ದುಪಟ್ಟಾದಿಂದ ಮೂಗು ಹಿಡಿದುಕೊಂಡು ತಲೆ ಒಳಗೆ ಹಾಕಿದಳು. ಮೆರೂನ್ ಬಣ್ಣದ ರೆಕ್ಸಿನ್ ಸೀಟುಗಳ ಮೇಲೆ ಬೂದಿ ಚೆಲ್ಲಿದ ಹಾಗೆ ಬೂಷ್ಟು. ಸ್ಟೇರಿಂಗಿಗೆ ಹಸಿರು ಪುಡಿ ಮೆತ್ತಿತ್ತು. ತಲೆಯ ಮೇಲಿನ ಬಿಳಿ ಬಟ್ಟೆಯ ತುಂಬ ಕರೀ ಚುಕ್ಕಿ. ಹಿಂದಿನ ಸೀಟಿನ ಎಡ ಮೂಲೆಯಲ್ಲಂತೂ ಬೂಷ್ಟು ಬೆಕ್ಕಿನ ಮರಿಯ ಮೈಯಂತೆ ದಪ್ಪಗೆ ಬೆಳೆದಿತ್ತು. ಮುಟ್ಟಿದರೆ ಮಿಯಾಂವ್ ಎನ್ನಬೇಕು, ಹಾಗೆ.

ದಿಲಾವರ್ ಸಾಹೇಬರಿಗೆ ಮಂಡಿ ಆಪರೇಷನ್ ಆದ ಮೇಲೆ ಕ್ಲಚ್ ತುಳಿಯಲು ಆಗುತ್ತಿರಲಿಲ್ಲ. ಎರಡು ಮಳೆಗಾಲ ಕಾರು ತಗಡಿನ ಶೆಡ್ಡು ಬಿಟ್ಟು ಕದಲಿರಲಿಲ್ಲ. ಒಂದು ಕಾಲಕ್ಕೆ ಬಾಡಿಗೆಗೆ ಓಡಿ ಓಡಿ ಮಿಂಚುತ್ತಿದ್ದ ಗಾಡಿ. ಈಗ ಅದನ್ನು ನೋಡಿ ಸಾಹೇಬರು ಕೋಲೂರಿಕೊಂಡು ನಿಂತರು.

"ದಾದಾ, ನಾನು ಮದ್ವೆ ದಿನ ಇದ್ರಾಗೇ ಹಿರಿಯೂರಿಗೆ ಹೋಗೋದು," ಎಂದಳು ಮಾಹೀರಾ.

"ಇದ್ರಾಗಾ?" ಸಾಹೇಬರ ಮುಖದಲ್ಲಿ ದೀಪ ಹತ್ತಿತು.

ಹುಡುಗಿ ಸುಮ್ಮನೆ ಹಟ ಮಾಡುತ್ತಿರಲಿಲ್ಲ. ಆ ಓಣಿಯಲ್ಲಿ ಒಂದು ಮಾತಿತ್ತು: ದಿಲಾವರ್ ಗಾಡಿಯಲ್ಲಿ ಹೋದ ಹುಡುಗಿ ಅಳುತ್ತಾ ವಾಪಸ್ ಬರಲ್ಲ. ಗಂಡಿನ ಕಡೆಯವರು ಎಷ್ಟೇ ದೊಡ್ಡ ಕಾರು ತಂದರೂ ಓಣಿಯ ಹುಡುಗಿ ಹತ್ತುತ್ತಿದ್ದದ್ದು ಇದನ್ನೇ. ಮೇಷ್ಟ್ರ ಮಗಳು ಉಷಾ ಕೂಡ ಇದರಲ್ಲೇ ಗಂಡನ ಮನೆಗೆ ಹೋಗಿದ್ದಳು. ಈಗ ಸಾಹೇಬರ ಸ್ವಂತ ಮೊಮ್ಮಗಳ ಮದುವೆ, ಹಿರಿಯೂರಿನ ತಾಬಿಶ್ ಜೊತೆ, ಡಿಸೆಂಬರಿನಲ್ಲಿ. ಎಲ್ಲರನ್ನೂ ಕಳಿಸಿದ ಗಾಡಿ ಇವಳನ್ನು ಕಳಿಸದಿದ್ದರೆ ಹೇಗೆ?

ಆದರೆ ಮಾಹೀರಾಳ ಅಪ್ಪ ವಸೀಂ ಬೇರೆ ಲೆಕ್ಕ ಹಾಕಿದ್ದ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ರಾಗಿ ಮುದ್ದೆ, ಮಟನ್ ಸಾರು. ವಸೀಂ ಮುದ್ದೆ ಮುರಿಯುತ್ತಾ, ಹವಾಮಾನದ ವಿಷಯ ಹೇಳುವವನಂತೆ ಹೇಳಿದ: "ಗುಜರಿ ಕನಕರಾಜ್‌ಗೆ ಹೇಳಿದ್ದೀನಿ. ಬಂದು ಗಾಡಿ ಎತ್ಕೊಂಡು ಹೋಗ್ತಾನೆ."

ಸಾಹೇಬರ ಕೈಯಲ್ಲಿನ ತುತ್ತು ಸಾರಿಗೆ ಬಿತ್ತು. "ಯಾವ ಗಾಡಿ?"

"ನಮ್ಮ ಮನ್ಯಾಗೆ ಎಷ್ಟ್ ಗಾಡಿ ಅವೆ ಅಬ್ಬಾ? ಮದ್ವೆಗೆ ಬಿರಿಯಾನಿ ದೇಗ್ ಎಲ್ಲಿ ಇಡಾಣ? ಶೆಡ್ಡು ಬೇಕು. ಭಟ್ಟಿ ನಿಮ್ಮ ಮಂಚದ ಕೆಳಗೆ ಹಾಕಾಣ ಏನು?"

"ನಾನು ಅದ್ರಾಗೆ ಹೋಗ್ತೀನಿ ಅಬ್ಬು," ಎಂದಳು ಮಾಹೀರಾ.

"ಅದ್ರಾಗಾ! ಹಿರಿಯೂರಲ್ಲಿ ಇಳಿಯೋ ಹೊತ್ತಿಗೆ ನಿನ್ ಮೈಮ್ಯಾಲೂ ಬೂಷ್ಟು ಬಂದಿರ್ತೈತೆ. ನಿಮ್ಮತ್ತೆ ನಿನ್ನ ಮನೆಗೆ ಕರ್ಕೊಳ್ಳಲ್ಲ, ಬಿಸ್ಲಿಗೆ ಒಣಹಾಕ್ತಾರೆ."

"ಲೇ, ನೀನು ಹುಟ್ಟಿದ ಗಾಡಿ ಕಣೋ ಅದು!" ಸಾಹೇಬರು ಗುಡುಗಿದರು.

"ಅದಕ್ಕೇ ಕೊಡ್ತಿರೋದು!" ಎಂದು ವಸೀಂ ತಟ್ಟೆ ತಳ್ಳಿದ.

ಇದಕ್ಕೆ ಒಂದು ಹಿನ್ನೆಲೆ ಉಂಟು. ಪ್ಯಾರಿ ಬೀ ಚೊಚ್ಚಲ ಹೆರಿಗೆಗೆ ತವರಾದ ಹಿರೇಗುಂಟನೂರಿಗೆ ಹೋಗಿದ್ದಳು. ನೋವು ಶುರುವಾಗಿ ಇದೇ ಗಾಡಿಯಲ್ಲಿ ದುರ್ಗದ ಆಸ್ಪತ್ರೆಗೆ ಹೊರಟರೆ ಅರ್ಧ ದಾರಿಯಲ್ಲೇ ಕೂಸು ಹೊರಗೆ ಬರಲು ಅವಸರ ಮಾಡಿತು. ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದ ಮುದ್ದಕ್ಕ ಎಂಬುವಳು ಓಡಿಬಂದು ಹಿಂದಿನ ಸೀಟಿನ ಮೇಲೇ ಹೆರಿಗೆ ಮಾಡಿಸಿದಳು. ಹುಟ್ಟಿದವನೇ ವಸೀಂ. ಆ ಸುದ್ದಿ ಕೂಸಿಗಿಂತ ಮುಂಚೆ ಊರು ಮುಟ್ಟಿತು. ಶಾಲೆಗೆ ಸೇರುವ ಹೊತ್ತಿಗೆ ಅವನು 'ಅಂಬಾಸಿಡರ್ ವಸೀಂ' ಆಗಿದ್ದ. ಅವನು ಬಾಗಿಲಿಗೆ ಬಂದರೆ ಹುಡುಗರು "ಪೋಂ ಪೋಂ" ಎಂದು ದಾರಿ ಬಿಡುತ್ತಿದ್ದರು. ನಿಕಾಹ್ ದಿನವೂ ಯಾರೋ ಪುಣ್ಯಾತ್ಮ ಪೋಂ ಅಂದ. ಈಗ ಐವತ್ತರ ಹತ್ತಿರ ಬಂದಿದ್ದಾನೆ, ಮೆದೇಹಳ್ಳಿ ರಸ್ತೆಯಲ್ಲಿ ಕಾರು, ಆಟೋಗಳ ಸೀಟು ಹೊಲಿಯುವ ಅಂಗಡಿ ಇಟ್ಟಿದ್ದಾನೆ, ಬೋರ್ಡಿನ ಮೇಲೆ ದೊಡ್ಡದಾಗಿ 'ವಸೀಂ ಕುಶನ್ ವರ್ಕ್ಸ್' ಎಂದು ಬರೆಸಿದ್ದಾನೆ. ಆದರೂ ಬರುವವರು ಕೇಳುವುದು "ಅಂಬಾಸಿಡರ್ ವಸೀಂ ಅಂಗಡಿ ಎಲ್ಲೈತೆ?" ಎಂದೇ. ಊರಿನ ಗಾಡಿಗಳಿಗೆಲ್ಲ ಹೊಸ ಬಟ್ಟೆ ತೊಡಿಸುವವನು ಮನೆಯ ಗಾಡಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ದೇಗ್ ಎಂಬ ದೊಡ್ಡ ಹಂಡೆ ಬರೀ ನೆಪ. ಅದು ಮನೆಯವರಿಗೆಲ್ಲ ಗೊತ್ತಿತ್ತು, ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಜಗಳ ಮುಗಿಸಿದವಳು ವಸೀಂನ ಹೆಂಡತಿ ಸಿಮ್ರಾನ್. ಬಡಿಸುವ ಸೌಟನ್ನು ಪಾತ್ರೆಗೆ ಕುಟ್ಟಿ ಹೇಳಿದಳು: "ಎಲ್ರೂ ಬಾಯಿ ಮುಚ್ರಿ. ಮಾಹೀರಾ, ನೀನು ಗಾಡಿ ಕ್ಲೀನ್ ಮಾಡು. ಅತ್ತೆ ಮೂಗು ಐತಲ್ಲ, ಅದೇ ಕೋರ್ಟು. ಕಿಟಕಿ ಏರಿಸಿ ಒಳಗೆ ಕುಂತು ಅತ್ತೆ ಒಂದು ಲೋಟ ಚಹಾ ಪೂರ್ತಿ ಕುಡೀಬೇಕು. ಸೀನದಿದ್ರೆ ಗಾಡಿ ಮಗಳದ್ದು. ಸೀನಿದ್ರೆ ಗುಜರಿಯವನದ್ದು."

"ಅಮ್ಮನ ಮೂಗಾ?" ವಸೀಂ ಮೊದಲ ಸಲ ನಕ್ಕ. "ಆಯ್ತು, ನಂಗೆ ಒಪ್ಪಿಗೆ."

ಪ್ಯಾರಿ ಬೀ ಮೂಗು ಒರೆಸಿಕೊಂಡು ನ್ಯಾಯಾಧೀಶೆಯ ಹಾಗೆ ನೆಟ್ಟಗೆ ಕೂತಳು.

ಭಾನುವಾರ ಓಣಿಯವರೆಲ್ಲ ಸೇರಿ ಕಾರನ್ನು ಬಿಸಿಲಿಗೆ ತಳ್ಳಿದರು. ಮಾಹೀರಾ ಕಾನ್ವೆಂಟ್ ಶಾಲೆಯ ಟೀಚರು. ಮಕ್ಕಳಿಗೆ ಹೇಳುವ ದನಿಯಲ್ಲೇ ತಾತನಿಗೆ ಆಜ್ಞೆ ಕೊಡುತ್ತಿದ್ದಳು. ಮೊದಲು ಒಂದು ಬಕೆಟ್ ಸೋಪಿನ ನೀರು ತಂದು ಸೀಟಿನ ಮೇಲೆ ಸುರಿಯಲು ಹೋದಳು.

"ಏಯ್, ನಿಲ್ಲೇ! ನೀರು ಕುಡ್ದೇ ಅದಕ್ಕೆ ಈ ಗತಿ ಬಂದೈತೆ, ಮತ್ತೆ ನೀರು ಕುಡಿಸ್ತೀಯಾ?"

"ಮತ್ತೇನ್ ಮಾಡಾಣ ದಾದಾ?"

ಇಬ್ಬರೂ ಫೋನಿನಲ್ಲಿ ವಿಡಿಯೋ ಹುಡುಕಿದರು. ಒಬ್ಬ ಕನ್ನಡದಲ್ಲಿ ಹೇಳಿದ, ಇಬ್ಬರು ಹಿಂದಿಯಲ್ಲಿ ಹೇಳಿದರು, ಕೊನೆಗೆ ಎಲ್ಲರೂ ಹೇಳಿದ್ದು ಒಂದೇ. ಒಣ ಬೂಷ್ಟನ್ನು ಬ್ರಷ್ಷಿನಿಂದ ಹೊರಕ್ಕೆ ಉಜ್ಜಿ ತೆಗೆಯಬೇಕು. ಆಮೇಲೆ ನೀರು ಬೆರೆಸಿದ ಸಿರ್ಕಾ, ಅಂದರೆ ವಿನೆಗರ್, ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು, ಒಣ ಬಟ್ಟೆಯಲ್ಲಿ ಒರೆಸಬೇಕು. ವಾಸನೆಗೆ ಅಡುಗೆ ಸೋಡಾ. ಎಲ್ಲಕ್ಕಿಂತ ಮುಖ್ಯ ಬಿಸಿಲು ಮತ್ತು ಗಾಳಿ. ದುರ್ಗದವರಿಗೆ ಇವೆರಡಕ್ಕೆ ಬರವೇ? ಗುಡ್ಡದ ಮೇಲಿನ ಗಾಳಿಯ ಫ್ಯಾನುಗಳು ಸುಮ್ಮನೆ ತಿರುಗುತ್ತವೆಯೇ?

ಮಾಹೀರಾ ಬಾಯಿಗೆ ಬಟ್ಟೆ ಕಟ್ಟಿಕೊಂಡು ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದಳು. ಹೊಲಿಗೆಯ ಸಂದುಸಂದಿನಿಂದ ಬೂದು ಪುಡಿ ಎದ್ದು ಗಾಳಿಗೆ ಹಾರಿತು. ಸಿರ್ಕಾ ಹಾಕಿ ಒರೆಸಿದಾಗ ಕೆಳಗಿನಿಂದ ಮೆರೂನ್ ಬಣ್ಣ ಇಣುಕಿತು. "ದಾದಾ! ಬಂತು! ಬಣ್ಣ ಬಂತು!" ಎಂದು ಅವಳು ಕಿರುಚಿದ್ದಕ್ಕೆ ಮೇಷ್ಟ್ರು ಗೋಡೆಯ ಮೇಲೆ ತಲೆ ಹಾಕಿದರು. ಅಂಗೈ ಅಗಲದ ಮೆರೂನ್ ನೋಡಿ ಎಪ್ಪತ್ತೈದರ ಸಾಹೇಬರು ಕೋಲು ಬಿಟ್ಟು ಚಪ್ಪಾಳೆ ತಟ್ಟಿದರು.

ಆ ವಾರ ಮನೆಯ ಅಡುಗೆ ಕೆಟ್ಟಿತು.

"ಈರುಳ್ಳಿ ನೆನೆಸೋಕೆ ಸಿರ್ಕಾ ಎಲ್ಲೋಯ್ತು?" ಎಂದು ಸಿಮ್ರಾನ್ ಸೋಮವಾರ ಕೇಳಿದಳು. ಬುಧವಾರ, "ಇಡ್ಲಿ ಕಲ್ಲಾಗ್ಯಾವೆ, ಸೋಡಾ ಡಬ್ಬಿ ಖಾಲಿ ಐತೆ!" ಎಂದಳು. ಗುರುವಾರ ಬೆಳಿಗ್ಗೆ ವಸೀಂ ಬಚ್ಚಲಿನಿಂದ ಕೂಗಿದ: "ನನ್ ಬ್ರಷ್ ಎಲ್ಲಿ?"

"ಯಾವ ಬಣ್ಣದ್ದು ಅಬ್ಬು?"

"ನೀಲಿದು."

ಮಾಹೀರಾ ತಾತನ ಮುಖ ನೋಡಿದಳು. ತಾತ ಗಾಳಿಪಟ ನೋಡುವವರಂತೆ ಆಕಾಶ ನೋಡಿದರು. ವಸೀಂ ಆ ದಿನ ಬೆರಳಿನಲ್ಲಿ ಹಲ್ಲುಜ್ಜಿದ.

ತಲೆಯ ಮೇಲಿನ ಬಟ್ಟೆ ಬಹಳ ನಾಜೂಕು. ಜೋರಾಗಿ ಒದ್ದೆ ಮಾಡಿದರೆ ಅಂಟು ಬಿಟ್ಟು ಜೋತು ಬೀಳುತ್ತದೆ. ಮಾಹೀರಾ ಬಟ್ಟೆಯ ತುದಿಯನ್ನು ಸಿರ್ಕಾದಲ್ಲಿ ಅದ್ದಿ, ಹಿಂಡಿ, ಕೂಸಿನ ಮುಖ ಒರೆಸುವ ಹಾಗೆ ಒತ್ತಿ ಒತ್ತಿ ತೆಗೆಯುತ್ತಿದ್ದಳು. ಅಷ್ಟು ತಾಳ್ಮೆ ಸಾಹೇಬರಿಗೆಲ್ಲಿ? ಮೊಮ್ಮಗಳು ಶಾಲೆಗೆ ಹೋದ ಹೊತ್ತಿನಲ್ಲಿ ಬ್ಲೀಚಿಂಗ್ ಪೌಡರ್ ಕಲಸಿ ಮುಂದಿನ ಸೀಟಿಗೆ ಬಳಿದೇಬಿಟ್ಟರು. ಬೂಷ್ಟು ಹೋಯಿತು. ಅದರ ಜೊತೆ ಮೆರೂನೂ ಹೋಗಿ, ಸೀಟಿನ ನಡುವೆ ತಟ್ಟೆಯಗಲ ಗುಲಾಬಿ ಬಣ್ಣದ ಮಚ್ಚೆ ಎದ್ದಿತು.

ಸಂಜೆ ಅಂಗಡಿಯಿಂದ ಬಂದ ವಸೀಂ ಶೆಡ್ಡು ದಾಟಿ ಹೋಗುತ್ತಿದ್ದವನು ಗಕ್ಕನೆ ನಿಂತ.

"ಇದು ಯಾರ್ ಮಾಡಿದ್ದು?"

"ಬೂಷ್ಟು ಹೋಯ್ತಲ್ಲ," ಎಂದರು ಸಾಹೇಬರು, ಕಳ್ಳ ದನಿಯಲ್ಲಿ.

"ರೆಕ್ಸಿನ್‌ಗೆ ಬ್ಲೀಚಿಂಗಾ! ಅಬ್ಬಾ, ಇಷ್ಟ್ ವರ್ಷ ಗಾಡಿ ಓಡ್ಸಿದ್ರಿ, ರೆಕ್ಸಿನ್ನಿಗೂ ಜೀವ ಐತೆ ಅಂತ ಗೊತ್ತಿಲ್ವಾ?"

ಬೈಯುತ್ತಲೇ ಬೈಕು ತಿರುಗಿಸಿದ. ಅಂಗಡಿಯಿಂದ ಬಣ್ಣದ ಡಬ್ಬಿ ತಂದು, ಮಂಡಿಯೂರಿ ಕೂತು, ಮಚ್ಚೆಗೆ ತೆಳುವಾಗಿ ಬಣ್ಣ ಹೊಡೆದ. ಮಾಹೀರಾ ಹಿಂದೆ ನಿಂತು ನಗು ತಡೆದುಕೊಂಡಿದ್ದಳು.

"ಏನೇ ಹಲ್ಕಿರೀತೀಯ? ಗಾಡಿಗೋಸ್ಕರ ಅಲ್ಲ. ರೆಕ್ಸಿನ್‌ಗೋಸ್ಕರ," ಎಂದ ವಸೀಂ.

ಪರೀಕ್ಷೆ ಮುಂದಿನ ಶನಿವಾರ ಎಂದು ತೀರ್ಮಾನವಾಯಿತು. ಗುರುವಾರದ ಹೊತ್ತಿಗೆ ಒಳಗೆ ಒಂದು ಚುಕ್ಕಿ ಇರಲಿಲ್ಲ. ಸೋಡಾ ಉದುರಿಸಿ ಗುಡಿಸಿದ್ದಾಗಿತ್ತು. ಕೊಳೆತ ಮ್ಯಾಟು, ಅದರ ಅಡಿಯ ಗೋಣಿ ಎರಡನ್ನೂ ಬಿಸಾಡಿದ್ದಾಗಿತ್ತು. ಕಿಟಕಿಗಳನ್ನು ಇಳಿಸಿ ಗಾಳಿಗೆ ಬಿಟ್ಟಿದ್ದರು. ಮಾಹೀರಾ ಹಿಂದಿನ ಸೀಟಿನಲ್ಲಿ ಮದುಮಗಳ ಹಾಗೆ ತಲೆ ತಗ್ಗಿಸಿ ಕೂತು, ತಾತನಿಂದ ಫೋಟೋ ತೆಗೆಸಿಕೊಂಡು ತಾಬಿಶ್‌ಗೆ ಕಳಿಸಿದಳು. 'ಕಾರು ಚೆನ್ನಾಗೈತೆ' ಎಂದು ಅವನು ಬರೆದ. 'ಕಾರಷ್ಟೇನಾ?' ಎಂದು ಇವಳು ಬರೆದಳು. ಆಮೇಲಿನದು ನಮಗೆ ಬೇಡ.

ಶನಿವಾರ ಸಿಮ್ರಾನ್ ಚಹಾ ಮಾಡಿ ತಂದಳು. ಪ್ಯಾರಿ ಬೀ ಬಿಸ್ಮಿಲ್ಲಾ ಎಂದು ಹಿಂದಿನ ಸೀಟಿಗೆ ಹತ್ತಿ ಕೂತಳು. ಕಿಟಕಿ ಏರಿಸಿದರು. ಹೊರಗೆ ಎಲ್ಲರೂ ಗಾಜಿಗೆ ಮೂಗು ಒತ್ತಿ ನಿಂತರು. ಒಂದು ಗುಟುಕು. ಎರಡನೇ ಗುಟುಕು. ಮಾಹೀರಾ ತಾತನ ತೋಳು ಹಿಸುಕುತ್ತಿದ್ದಳು. ಮೂರನೆಯದು ಬಾಯಿಗೆ ಹೋಗುವ ಮುನ್ನ ಪ್ಯಾರಿ ಬೀಯ ಕಣ್ಣು ಸಣ್ಣಗಾಯಿತು. ಮೂಗು ನಡುಗಿತು. ಲೋಟ ಅಲ್ಲಾಡಿತು.

"ಆ... ಆ... ಆಕ್ಷೀ!"

"ನೂರು ವರ್ಷ ಬಾಳ್ರಿ ಅಮ್ಮಾ!" ಎಂದರು ಗೋಡೆಯಾಚೆಯ ಮೇಷ್ಟ್ರು. ಅವತ್ತು ಆ ಆಶೀರ್ವಾದ ಯಾರಿಗೂ ಬೇಕಿರಲಿಲ್ಲ.

ಮಾಹೀರಾ ಬಾಗಿಲು ತೆಗೆದು ನೋಡಿದಳು. ಹಿಂದಿನ ಸೀಟಿನ ಎಡ ಮೂಲೆಯಲ್ಲಿ ಮತ್ತೆ ಬೂದು ಬಣ್ಣದ ತೆಳು ಪೊರೆ. ಗುರುವಾರ ಇರಲಿಲ್ಲ!

"ಆಣೆ ಮಾಡಿ ಹೇಳ್ತೀನಿ, ನಾನು ಇಲ್ಲಿ ಕೈ ಸವೆಯೋ ಹಾಗೆ ಉಜ್ಜಿದ್ದೆ!" ಅವಳಿಗೆ ಸಿಟ್ಟಿಗೆ ಅಳುವೇ ಬಂತು. "ಅದೊಂದೇ ಮೂಲೆ ಯಾಕೆ? ಅದೊಂದೇ!"

"ಕೆಲವು ರೋಗ ವಾಸಿ ಆಗಲ್ಲ ಬೇಟಾ," ಎಂದ ವಸೀಂ, ಮೆತ್ತಗೆ. "ಮಾತು ಅಂದ್ರೆ ಮಾತು. ಕನಕರಾಜ್‌ಗೆ ಇನ್ನೊಂದ್ ವಾರ ಬಿಟ್ಟು ಬಾ ಅಂತೀನಿ."

ಆ ವಾರ ಮನೆಯಲ್ಲಿ ಮಾತು ಕಮ್ಮಿ, ಪಾತ್ರೆ ಸದ್ದು ಜಾಸ್ತಿ. ಮಾಹೀರಾ ಊಟಕ್ಕೆ ಕರೆದರೆ "ಹಸಿವಿಲ್ಲ" ಎನ್ನುತ್ತಿದ್ದಳು. ಸಿಮ್ರಾನ್‌ಗೂ ಸಮಾಧಾನವಿರಲಿಲ್ಲ. ರೊಟ್ಟಿ ತಟ್ಟುತ್ತಾ ಗಂಡನಿಗೆ ಹೇಳಿದಳು: "ನಾನೂ ಹೊಸದುರ್ಗದಿಂದ ಅದೇ ಗಾಡ್ಯಾಗೆ ಬಂದಿದ್ದೆ, ನೆನಪೈತಾ? ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇರಲಿಲ್ಲ. ಒಂದೇ ಸಮ ಅಳ್ತಿದ್ದೆ. ನೀವು ಕರ್ಚೀಫ್ ಕೊಟ್ರಿ ಅಷ್ಟೇ. ನಿಮ್ಮಬ್ಬ ಹೊಳಲ್ಕೆರೆಯಲ್ಲಿ ಗಾಡಿ ನಿಲ್ಸಿ ಮಂಡಕ್ಕಿ ಮಿರ್ಚಿ ತಂದು ಕೊಟ್ರು. 'ತಿನ್ನಮ್ಮ, ಖಾಲಿ ಹೊಟ್ಟೆಗೆ ಅಳು ಜಾಸ್ತಿ' ಅಂದ್ರು."

ಆ ಮಂಡಕ್ಕಿ ಮಿರ್ಚಿಯೇ ಗಾಡಿಯ ಗುಟ್ಟು. ಮದುವೆಯ ಗಲಾಟೆಯಲ್ಲಿ ಮದುಮಗಳು ಉಂಡಿರುವುದಿಲ್ಲ ಎಂಬುದು ಸಾಹೇಬರಿಗೆ ಗೊತ್ತಿತ್ತು. ಓಣಿಯ ಪ್ರತಿ ಹುಡುಗಿಗೂ ದಾರಿಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನಿಸಿಯೇ ಗಂಡನ ಮನೆ ಮುಟ್ಟಿಸಿದ್ದರು. ಜನ ಅದನ್ನು ಬರಕತ್ತು ಎಂದರು, ಗಾಡಿಯ ಕಾಲ್ಗುಣ ಎಂದರು.

ಮುಂದಿನ ಶನಿವಾರ ಮುದ್ದಕ್ಕ ಬಂದಳು. ವಸೀಂನನ್ನು ಭೂಮಿಗೆ ಇಳಿಸಿದ ಅದೇ ಮುದ್ದಕ್ಕ. ಈಗ ಬೆನ್ನು ಬಾಗಿದೆ, ಬಾಯಿ ಬಾಗಿಲ್ಲ. ಮದುವೆಗೆಂದು ಕರೀ ಕಂಬಳಿ ತಂದಿದ್ದಳು. ಮಾಹೀರಾಳ ಊದಿದ ಮುಖ ನೋಡಿ ಸಂಗತಿ ಕೇಳಿದಳು, ಕೇಳಿ ವಸೀಂನ ಕಡೆ ತಿರುಗಿದಳು.

"ಲೇ ವಸೀಮ, ನೀನು ಸೀಟು ಹೊಲಿಯೋನು ತಾನೆ?"

"ಹೌದಕ್ಕ."

"ಊರೋರ ಸೀಟೆಲ್ಲ ಬಿಚ್ತೀಯ. ಇದನ್ನ ಬಿಚ್ಚಿ ನೋಡೋಕೆ ನಿಂಗೇನು ದಾಡಿ? ಮ್ಯಾಲೆ ಮ್ಯಾಲೆ ಉಜ್ಜಿ ಆ ಹುಡುಗಿ ಕೈ ನೋಡು, ಹೆಂಗಾಗ್ಯಾವೆ."

ವಸೀಂ ಮಗಳ ಕೈ ನೋಡಿದ. ಸಿರ್ಕಾ, ಸೋಡಾ ತಿಂದು ಬೆರಳ ತುದಿಗಳು ಸುಲಿದಿದ್ದವು. ಮೆಹಂದಿ ಹಚ್ಚಬೇಕಾದ ಕೈ. ಎದ್ದು ಹೋಗಿ ಸ್ಪ್ಯಾನರು, ಕತ್ತರಿ ತಂದು ಹಿಂದಿನ ಸೀಟನ್ನು ಕಿತ್ತು ಅಂಗಳದಲ್ಲಿ ಬೋರಲು ಹಾಕಿದ. ರೆಕ್ಸಿನ್ ಸರಿಸಿದ. ಒಳಗಿನ ತೆಂಗಿನ ನಾರು ಎಲ್ಲ ಕಡೆ ಒಣಗಿ ಚೆನ್ನಾಗಿಯೇ ಇತ್ತು. ಎಡ ಮೂಲೆಗೆ ಕೈ ಇಟ್ಟವನು ಥಟ್ಟನೆ ಹಿಂದೆಗೆದ. ಅಲ್ಲಿ ನಾರು ಕೊಳೆತು ಒದ್ದೆ ಮುದ್ದೆಯಾಗಿತ್ತು.

ಅವನು ಬೆರಳು ಮೂಸಿದ. ಮತ್ತೆ ಮೂಸಿದ.

"ಅಬ್ಬು, ಏನು?"

"ಮುಗ್ಗು ವಾಸನೆ. ಆದ್ರೆ ಅದರ ಕೆಳಗೆ..." ಅವನು ಬೆರಳನ್ನು ಮಗಳ ಮೂಗಿಗೆ ಹಿಡಿದ.

"ಗುಲಾಬಿ!" ಎಂದಳು ಮಾಹೀರಾ.

ಇಬ್ಬರೂ ಒಟ್ಟಿಗೇ ತಲೆ ಎತ್ತಿದರು. ಬಾಗಿಲಲ್ಲಿ ನಿಂತಿದ್ದ ಪ್ಯಾರಿ ಬೀ ಮೆಲ್ಲಗೆ ಅಡುಗೆಮನೆಯ ಕಡೆ ಜಾರುತ್ತಿದ್ದಳು.

"ಅಮ್ಮಾ! ನಿಂತ್ಕೋ!"

"ಹಾಲು ಉಕ್ಕುತ್ತೆ..."

"ಹಾಲು ಒಲೆ ಮ್ಯಾಲಿಲ್ಲ ಅತ್ತೆ," ಎಂದಳು ಸಿಮ್ರಾನ್, ದಯೆಯಿಲ್ಲದೆ.

ಪ್ಯಾರಿ ಬೀ ಸಿಕ್ಕಿಬಿದ್ದಳು. ಶುಕ್ರವಾರ ಗಂಡಸರು ನಮಾಜಿಗೆ ಹೋದಾಗ, ಮೊಮ್ಮಗಳು ಶಾಲೆಯಲ್ಲಿದ್ದಾಗ, ಆಕೆ ಹಿತ್ತಾಳೆಯ ಪನ್ನೀರುದಾನಿ ಹಿಡಿದು ಶೆಡ್ಡಿಗೆ ಹೋಗುತ್ತಿದ್ದಳು. ಎಡಗಡೆಯ ಹಿಂದಿನ ಗಾಜು ಬಿಗಿಯಾಗಿ ಏರುತ್ತಿರಲಿಲ್ಲ. ಆ ಸಂದಿನಿಂದ ಮೂಲೆಗೆ ಪನ್ನೀರು ಹಾಕುತ್ತಿದ್ದಳು. ನೆನ್ನೆಯೂ ಹಾಕಿದ್ದಳು.

"ಪರೀಕ್ಷೆ ಹಿಂದಿನ ದಿನಾನೂ ಹಾಕಿದ್ದಾ ದಾದಿ?" ಮಾಹೀರಾ ಕೂಗಿದಳು.

"ಹಾಕ್ದೆ. ಒಂಚೂರು ಜಾಸ್ತೀನೇ ಹಾಕ್ದೆ, ನೀನು ಗೆಲ್ಲಲಿ ಅಂತ. ವಾಸ್ನೆ ಬಂದಷ್ಟೂ ಜಾಸ್ತಿ ಹಾಕ್ತಿದ್ದೆ. ಪನ್ನೀರು ಒಳ್ಳೇದಲ್ವೇನೇ? ಮದ್ವೇಲಿ ಎಲ್ರ ಮ್ಯಾಲೂ ಹಾಕಲ್ವಾ?"

"ಮದ್ವೇಲಿ ಮನುಷ್ಯರ ಮ್ಯಾಲೆ ಹಾಕ್ತಾರಮ್ಮಾ, ತೆಂಗಿನ ನಾರಿಗಲ್ಲ!" ವಸೀಂ ಹಣೆ ಚಚ್ಚಿಕೊಂಡ. "ಯಾಕೆ? ಯಾಕೆ ಹಾಕಿದ್ದು?"

ಪ್ಯಾರಿ ಬೀ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. ಹೇಳಿದ್ದು ಮುದ್ದಕ್ಕ.

"ನೀನು ಹುಟ್ಟಿದಾಗ ಅಳಲಿಲ್ಲ ಕಣೋ. ನೀಲಿಗಟ್ಟಿದ್ದೆ. ನಾನು ತಟ್ದೆ, ಊದ್ದೆ, ಕಾಲು ಹಿಡಿದು ತಲೆಕೆಳಗೆ ಮಾಡ್ದೆ. ಉಹೂಂ. ನಾನು ಕೈಬಿಟ್ಟಿದ್ದೆ. ಪ್ಯಾರಕ್ಕ ಬಿಡಲಿಲ್ಲ."

"ಮನ್ನತ್ ಮಾಡ್ಕೊಂಡೆ," ಎಂದಳು ಪ್ಯಾರಿ ಬೀ. "ನನ್ ಮಗ ಒಂದ್ ಸಲ ಅತ್ರೆ ಸಾಕು, ನಾನು ಬದುಕಿರೋವರೆಗೆ ಪ್ರತಿ ಜುಮ್ಮಾ ಈ ಜಾಗಕ್ಕೆ ಪನ್ನೀರು ಹಾಕ್ತೀನಿ ಅಂದೆ. ಮಾತು ಮುಗಿಯೋ ಮುಂಚೆ ಅತ್ತೆ ನೀನು. ಏನ್ ಅಳು! ಬಯಲ್ನಾಗಿದ್ದ ಕುರಿಗಳೆಲ್ಲ ಚೆದುರಿದ್ವು. ಇವರು ದಿನಾ ಗಾಡಿ ಓಡಿಸ್ತಿದ್ರು, ಗಾಳಿಗೆ ಒಣಗ್ತಿತ್ತು. ನಿಂತ್ಮ್ಯಾಲೆ ಒಣಗಲ್ಲ ಅಂತ ನಂಗೇನ್ ಗೊತ್ತು?"

ಯಾವ ಸೀಟಿನ ಹೆಸರು ಹೇಳಿ ಊರು ತನ್ನನ್ನು ನೋಡಿ ನಕ್ಕಿತ್ತೋ ಅದೇ ಸೀಟಿನ ಮುಂದೆ ವಸೀಂ ಮಂಡಿಯೂರಿ ಕೂತಿದ್ದ, ಕೈಯಲ್ಲಿ ಒದ್ದೆ ನಾರು. ಅಷ್ಟೂ ವರ್ಷದ ಶುಕ್ರವಾರಗಳು ಅದರಲ್ಲಿದ್ದವು. ಸಿಟ್ಟು ಮಾಡಬೇಕೆಂದು ಬಾಯಿ ತೆರೆದರೆ ನಗು ಬಂತು, ನಗಲು ಹೋದರೆ ಕಣ್ಣು ತುಂಬಿತು.

"ಇನ್ಮ್ಯಾಲೆ ಆ ಪನ್ನೀರು ನನ್ ತಲೆ ಮ್ಯಾಲೆ ಹಾಕಮ್ಮಾ," ಎಂದ. "ಜಾಗ ಎಲ್ಲಿದ್ರೇನು? ಅತ್ತಿದ್ದು ನಾನು ತಾನೆ?"

ಪ್ಯಾರಿ ಬೀ ತಡಮಾಡಲಿಲ್ಲ. ಒಳಗೆ ಹೋಗಿ ಪನ್ನೀರುದಾನಿ ತಂದು ಅರ್ಧ ಖಾಲಿ ಮಾಡಿದಳು. ವಸೀಂ ಕೂದಲಿನಿಂದ ಪನ್ನೀರು ತೊಟ್ಟಿಕ್ಕಿಸಿಕೊಂಡು ಕೂತ.

"ಇವನಿಗೂ ಬೂಷ್ಟು ಬರದ ಹಾಗೆ ಬಿಸ್ಲಿಗೆ ಕೂರ್ಸ್ರೇ," ಎಂದಳು ಮುದ್ದಕ್ಕ. ಆಗ ಎದ್ದ ನಗುವಿಗೆ ಮೇಷ್ಟ್ರು ಗೋಡೆ ಹತ್ತಿಯೇ ಬಿಟ್ಟರು.

ಆದರೂ ಮಾತು ಅಂದರೆ ಮಾತು. ಕನಕರಾಜ್ ಸೋಮವಾರ ಬರುವವನಿದ್ದ; ಅವನ ಎದುರಿಗೇ ಪ್ಯಾರಿ ಬೀಯ ಮೂಗಿಗೆ ಇನ್ನೊಂದು ಪರೀಕ್ಷೆ ಎಂದಾಯಿತು. ಭಾನುವಾರ ಇಡೀ ದಿನ ವಸೀಂ ಅಂಗಡಿಯ ಅತ್ಯುತ್ತಮ ನಾರು ತಂದು ತುಂಬಿದ, ಸ್ಪ್ರಿಂಗುಗಳನ್ನು ಉಜ್ಜಿ ಎಣ್ಣೆ ಕೊಟ್ಟ, ಎಡಗಡೆಯ ಗಾಜು ಸರಿಮಾಡಿದ. ಮಾಹೀರಾ ತಳಕ್ಕೆ ಸಿರ್ಕಾ ಹೊಡೆದು ಒರೆಸಿದಳು. ಮುದ್ದಕ್ಕನ ಕಂಬಳಿಯ ಒಂದು ತುಂಡು ಕಾಲಡಿಗೆ ಹಾಸಿಗೆಯಾಯಿತು. ಮೆಕ್ಯಾನಿಕ್ ಗೊಲ್ಲಪ್ಪ ಹೊಸ ಬ್ಯಾಟರಿ ಹಾಕಿ ಇಂಜಿನ್ ಎಬ್ಬಿಸಿದ. ಗಾಡಿ ಮುದುಕನಂತೆ ಕೆಮ್ಮಿ, ಹೊಗೆ ಬಿಟ್ಟು, ಗುರ್ ಎಂದಿತು. ಸಾಹೇಬರು "ಶಹಭಾಷ್ ಬೇಟಾ!" ಎಂದು ಬಾನೆಟ್ ತಟ್ಟಿದರು. ಬೇಟಾ ಎಂದದ್ದು ಗಾಡಿಗೋ ಮಗನಿಗೋ ತಿಳಿಯಲಿಲ್ಲ. ವಸೀಂ ತನಗೇ ಎಂದುಕೊಂಡ.

ಸೋಮವಾರ ಬೆಳಿಗ್ಗೆ ಕನಕರಾಜ್ ಬಂದು ಗೇಟಿನ ಹತ್ತಿರ ನಿಂತ. ಪ್ಯಾರಿ ಬೀ ಚಹಾ ಲೋಟ ಹಿಡಿದು ಹಿಂದಿನ ಸೀಟಿನ ಎಡ ಮೂಲೆಯಲ್ಲೇ ಕೂತಳು. ಕಿಟಕಿ ಏರಿತು. ಒಂದು ಗುಟುಕು. ಇನ್ನೊಂದು. ಮೇಷ್ಟ್ರು ಗೋಡೆಯ ಮೇಲೆ 'ನೂರು ವರ್ಷ'ವನ್ನು ನಾಲಿಗೆಯ ತುದಿಯಲ್ಲಿ ಹಿಡಿದುಕೊಂಡಿದ್ದರು. ಲೋಟ ಅರ್ಧವಾಯಿತು. ಪ್ಯಾರಿ ಬೀಯ ಕಣ್ಣು ಸಣ್ಣಗಾಯಿತು. ಮೂಗು ನಡುಗಿತು. ಮಾಹೀರಾ ಕಣ್ಣು ಮುಚ್ಚಿಕೊಂಡಳು. "ಬ್ಯಾಡ ಅಮ್ಮಾ, ಬ್ಯಾಡ..." ಎಂದು ವಸೀಂ ಗಾಜಿಗೆ ಹಣೆ ಒತ್ತಿ ಬೇಡುತ್ತಿದ್ದ.

ಪ್ಯಾರಿ ಬೀ ಮೂಗು ತಿಕ್ಕಿಕೊಂಡಳು. ಉಳಿದ ಚಹಾವನ್ನು ಒಂದೇ ಸಲ ಗಟಗಟ ಕುಡಿದಳು. ಬಾಗಿಲು ತೆಗೆದು ಖಾಲಿ ಲೋಟ ಚಾಚಿದಳು.

"ಸಿಮ್ರಾನ್, ಸಕ್ಕರೆ ಕಮ್ಮಿ ಐತೆ."

ಮಾಹೀರಾ ಹಾರಿ ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ಸಾಹೇಬರು ಕೋಲು ಎತ್ತಿ ಕುಣಿದರು. ಕನಕರಾಜ್‌ಗೆ ಗಾಡಿ ಸಿಗಲಿಲ್ಲ, ಎರಡು ಲೋಟ ಚಹಾ ಸಿಕ್ಕಿತು.

"ಎಲ್ಲ ಸರಿ, ದೇಗ್ ಎಲ್ಲಿ ಇಡೋದು?" ವಸೀಂ ಕೇಳಿದ.

"ಮದ್ವೆ ದಿನ ಗಾಡಿ ಹೂ ಹಾಕ್ಕೊಂಡು ಬೀದ್ಯಾಗೆ ನಿಂತಿರ್ತೈತೆ," ಎಂದಳು ಸಿಮ್ರಾನ್. "ಆವತ್ತು ಶೆಡ್ಡು ಖಾಲಿ ತಾನೆ?"

ಇಷ್ಟು ವಾರ ಜಗಳವಾಡಿದ ಮನೆಯಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ಸಿಮ್ರಾನ್‌ಗೆ ಮಾತ್ರ ಯಾವಾಗಲೋ ಹೊಳೆದಿತ್ತು ಎಂದು ನನ್ನ ಗುಮಾನಿ.

ಮದುವೆಯ ದಿನ ಶೆಡ್ಡಿನಲ್ಲಿ ದೇಗ್ ಬೆಂದಿತು, ಬೀದಿಯಲ್ಲಿ ಗಾಡಿ ಮಲ್ಲಿಗೆ ಮುಡಿದು ನಿಂತಿತು. ಸಂಜೆ ಮಾಹೀರಾಳನ್ನು ಹತ್ತಿಸುವಾಗ ಇಡೀ ಓಣಿ ಅತ್ತಿತು. ಮೇಷ್ಟ್ರಂತೂ ಹೆಗಲ ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಹಿಂದೆ ಮದುಮಗಳು, ತಾಬಿಶ್, ಮಡಿಲಲ್ಲಿ ಪನ್ನೀರುದಾನಿ ಹಿಡಿದ ಪ್ಯಾರಿ ಬೀ. ಮುಂದೆ ಸಾಹೇಬರು. ಸ್ಟೇರಿಂಗ್ ಹಿಂದೆ ವಸೀಂ.

"ಅಮ್ಮಾ, ಆ ದಾನಿ ಮುಚ್ಚಳ ಗಟ್ಟಿ ಐತಾ?"

"ಐತೆ ಕಣೋ, ಮುಂದೆ ನೋಡ್ಕೊಂಡು ಓಡ್ಸು."

"ಕ್ಲಚ್ ನಿಧಾನ ಬಿಡು," ಎಂದರು ಸಾಹೇಬರು.

ಊರು ದಾಟಿ ಹೆದ್ದಾರಿ ಹಿಡಿದರೂ ಮಾಹೀರಾಳ ಅಳು ನಿಲ್ಲಲಿಲ್ಲ. ತಾಬಿಶ್ ಕರ್ಚೀಫ್ ಕೊಟ್ಟ. ಅಷ್ಟೇ ಅವನಿಗೂ ತೋಚಿದ್ದು. ವಸೀಂ ಕನ್ನಡಿಯಲ್ಲಿ ಮಗಳನ್ನು ನೋಡುತ್ತಿದ್ದ. ಅವನ ಕಣ್ಣೂ ಮಂಜಾಗುತ್ತಿತ್ತು. ಐಮಂಗಲದ ಹತ್ತಿರ, ಸಾಹೇಬರು ಬಾಯಿ ತೆರೆಯುವ ಮೊದಲೇ, ಅವನು ಗಾಡಿಯನ್ನು ಪಕ್ಕಕ್ಕೆ ತಿರುಗಿಸಿ ಮಿರ್ಚಿ ಅಂಗಡಿಯ ಮುಂದೆ ನಿಲ್ಲಿಸಿದ.

ಅಂಗಡಿಯ ಮುದುಕ ಬಾಣಲೆಯಿಂದ ತಲೆ ಎತ್ತಿ ಗಾಡಿ ನೋಡಿದ. "ಇದು ದುರ್ಗದ ದಿಲಾವರ್ ಸಾಹೇಬ್ರ ಗಾಡಿ ಅಲ್ವಾ? ಎಷ್ಟ್ ಮದುಮಕ್ಕಳಿಗೆ ಮಿರ್ಚಿ ಕಟ್ಟಿಕೊಟ್ಟೀನಿ ಈ ಗಾಡಿಗೆ! ಮತ್ತೆ ನೀವ್ಯಾರಪ್ಪ?"

ಹಿಂದಿನ ಸೀಟಿನಲ್ಲಿ ಅಳು ಒಂದು ಕ್ಷಣ ನಿಂತಿತು. ಸಾಹೇಬರು ಕಿಟಕಿಯಿಂದ ಕಿವಿ ಹೊರಗೆ ಹಾಕಿದರು.

"ನಾನಾ?" ಎಂದ ವಸೀಂ, ಎದೆಯುಬ್ಬಿಸಿ. "ಅಂಬಾಸಿಡರ್ ವಸೀಂ."

ಮಂಡಕ್ಕಿ ಮಿರ್ಚಿಯ ಪೊಟ್ಟಣವನ್ನು ಹಿಂದಿನ ಕಿಟಕಿಯಿಂದ ಮಗಳ ಕೈಗಿಟ್ಟ. ಮೆಹಂದಿ ಕಡುಗೆಂಪಾಗಿ ಹತ್ತಿದ್ದ ಕೈ.

"ತಿನ್ನು ಬೇಟಾ. ಖಾಲಿ ಹೊಟ್ಟೆಗೆ ಅಳು ಜಾಸ್ತಿ," ಎಂದ. ಆಮೇಲೆ ಬೆರಳು ತೋರಿಸಿ ಸೇರಿಸಿದ: "ಆದ್ರೆ ನನ್ ಸೀಟಿನ ಮ್ಯಾಲೆ ಒಂದ್ ತೊಟ್ಟು ಎಣ್ಣೆ ಬಿದ್ರೆ, ಗಂಡನ ಸಮೇತ ಇಲ್ಲೇ ಇಳಿಸಿ ಹೋಗ್ತೀನಿ."

ತಾಬಿಶ್ ಗಾಬರಿಯಾಗಿ ತನ್ನ ಹೊಸ ಶೇರ್ವಾನಿಯ ಮಡಿಲನ್ನೇ ಪೊಟ್ಟಣದ ಕೆಳಗೆ ಹಿಡಿದ. ಅದನ್ನು ನೋಡಿ ಮಾಹೀರಾ ಕಣ್ಣೀರಿನ ನಡುವೆಯೇ ಕಿಲಕಿಲ ನಕ್ಕು, ಮಿರ್ಚಿ ಕಚ್ಚಿದಳು.